ನೂರು ಮಕ್ಕಳ ಹಲ್ಲು, ಒಂದು ಸರಾಸರಿ

ಹಲ್ಲಿನ ಮೇಲ್ಪದರವಾದ ಎನಾಮಲ್ ಒಮ್ಮೆ ಕಟ್ಟಿಕೊಂಡ ಮೇಲೆ ಮತ್ತೆ ಬೆಳೆಯುವುದಿಲ್ಲ. ಶಾಶ್ವತ ಹಲ್ಲುಗಳು ವಸಡಿನೊಳಗೆ ರೂಪುಗೊಳ್ಳುವುದು ಹುಟ್ಟಿದಾಗಿನಿಂದ ಸುಮಾರು ಎಂಟು ವರ್ಷದವರೆಗೆ. ಆ ಕಾಲದಲ್ಲಿ ಮಗು ಕುಡಿಯುವ ನೀರಿನಲ್ಲಿ ಫ್ಲೋರೈಡ್ ಹೆಚ್ಚಾಗಿದ್ದರೆ ಎನಾಮಲ್ ಮೇಲೆ ಗುರುತು ಬೀಳುತ್ತದೆ. ಕಡಿಮೆ ಬಾಧೆಯಾದವರಿಗೆ ತೆಳು ಬಿಳಿ ಗೆರೆ, ಅದಕ್ಕಿಂತ ಹೆಚ್ಚಾದರೆ ಹಳದಿ ಅಥವಾ ಕಂದು ಕಲೆ, ಇನ್ನೂ ಮಿತಿಮೀರಿದರೆ ಹಲ್ಲಿನ ಮೈಮೇಲೆ ಕುಳಿ. ದಂತವೈದ್ಯರು ಇದನ್ನು ಡೆಂಟಲ್ ಫ್ಲೋರೋಸಿಸ್ ಎನ್ನುತ್ತಾರೆ.

ವಿಜಯಪುರ ಜಿಲ್ಲೆಯ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಸೀಮೆಯಲ್ಲಿ ಇದು ಪುಸ್ತಕದ ರೋಗವಲ್ಲ. ಕರ್ನಾಟಕದಲ್ಲಿ ಅಂತರ್ಜಲದ ಫ್ಲೋರೈಡ್ ಮಿತಿ ಮೀರಿದ ಜಾಗಗಳಿರುವ ಜಿಲ್ಲೆಗಳ ಪಟ್ಟಿಯಲ್ಲಿ ವಿಜಯಪುರದ ಹೆಸರೂ ಇದೆ. ಭಾರತೀಯ ಮಾನಕ ಸಂಸ್ಥೆ 2012ರಲ್ಲಿ ಪರಿಷ್ಕರಿಸಿದ ಐಎಸ್ 10500 ಪ್ರಕಾರ ಕುಡಿಯುವ ನೀರಿನಲ್ಲಿ ಫ್ಲೋರೈಡ್ ಲೀಟರಿಗೆ 1 ಮಿಲಿಗ್ರಾಂ ಇದ್ದರೆ ಒಪ್ಪಬಹುದು. ಬೇರೆ ನೀರಿನ ಮೂಲವೇ ಇಲ್ಲದಿದ್ದರೆ 1.5ರವರೆಗೆ ಸಹಿಸಿಕೊಳ್ಳಬಹುದು. ವಿಶ್ವ ಆರೋಗ್ಯ ಸಂಸ್ಥೆಯ ಮಿತಿಯೂ 1.5. ಆದರೆ ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ಊರಿನಲ್ಲಿ ಮಕ್ಕಳು ತಣ್ಣನೆಯ ದೇಶದ ಮಕ್ಕಳಿಗಿಂತ ಹೆಚ್ಚು ನೀರು ಕುಡಿಯುತ್ತಾರೆ. ಹಾಗಾಗಿ ಲೀಟರಿನ ಲೆಕ್ಕ ಒಂದೇ ಆದರೂ ಹೊಟ್ಟೆಗೆ ಹೋಗುವ ಫ್ಲೋರೈಡ್ ಇಲ್ಲಿ ಜಾಸ್ತಿ.

“ಎಷ್ಟ ತಿಕ್ಕಿದ್ರೂ ಹಳದಿ ಹೋಗವಲ್ದ್ರಿ ಡಾಕ್ಟ್ರ, ಇದು ನೀರಿಂದ ಆತೋ ಏನ ನಾವು ಹಲ್ಲ ಸರಿಯಾಗಿ ತಿಕ್ಕಸಲಿಲ್ಲೋ?” ಎಂಬುದು ಈ ಕಡೆಯ ತಾಯಂದಿರು ಕೇಳುವಂಥ ಪ್ರಶ್ನೆ. ಅದರ ಹಿಂದೆ ಇನ್ನೊಂದಿಷ್ಟು ಪ್ರಶ್ನೆಗಳಿವೆ. ನಮ್ಮೂರಿನ ಎಷ್ಟು ಮಕ್ಕಳಿಗೆ ಹೀಗಾಗಿದೆ? ಪಕ್ಕದೂರಿಗಿಂತ ನಮ್ಮದು ಹೆಚ್ಚೋ ಕಡಿಮೆಯೋ? ಹೊಳೆ ನೀರು ಬಂದ ಮೇಲೆ ಕಡಿಮೆಯಾಗಿದೆಯೋ? ಇವಕ್ಕೆ ಉತ್ತರ ಹೇಳಬೇಕಾದ್ದು ದಂತ ಸಂಶೋಧನೆ. ಆದರೆ ಆ ಸಂಶೋಧನೆಯ ವರದಿ ತೆರೆದರೆ ಬಹಳ ಸಲ ಸಿಗುವ ಉತ್ತರ ಇಷ್ಟೇ: “ಎರಡು ಗುಂಪುಗಳ ನಡುವೆ ಗಣನೀಯ ವ್ಯತ್ಯಾಸ ಕಂಡುಬಂದಿದೆ, ಪಿ ಮೌಲ್ಯ 0.05ಕ್ಕಿಂತ ಕಡಿಮೆ.” ಎಷ್ಟು ವ್ಯತ್ಯಾಸ, ಯಾರ ನಡುವೆ, ಎಷ್ಟು ಖಾತ್ರಿ ಎಂಬುದು ಆ ಒಂದು ಸಾಲಿನಲ್ಲಿ ಇರುವುದಿಲ್ಲ. ಇಂಥ ಸಾಲು ಬರೆಯುವವರು ಸುಳ್ಳು ಹೇಳುತ್ತಿಲ್ಲ. ಆದರೆ ಬಾಯಿ ತೆರೆದು ತೋರಿಸಿದ ಮಗುವಿಗೂ ಅದನ್ನು ಕರೆತಂದ ತಾಯಿಗೂ ಸಲ್ಲಬೇಕಾದ ಮಾತು ಅಲ್ಲಿ ಅರ್ಧಕ್ಕೇ ನಿಂತಿರುತ್ತದೆ.

ಬಾಯಿಯೊಳಗಿನ ಕಲೆ ಅಂಕಿಯಾಗುವುದು ಹೇಗೆ ಎಂಬಲ್ಲಿಂದಲೇ ನೋಡಬೇಕು. ಅಮೆರಿಕದ ಸಾರ್ವಜನಿಕ ಆರೋಗ್ಯ ಸೇವೆಯಲ್ಲಿದ್ದ ದಂತವೈದ್ಯ ಎಚ್. ಟ್ರೆಂಡ್ಲಿ ಡೀನ್ 1930ರ ದಶಕದಲ್ಲಿ ಒಂದು ಅಳತೆಗೋಲು ಮಾಡಿದರು. ಅದರಲ್ಲಿ ಕಲೆಯೇ ಇಲ್ಲದ ಹಲ್ಲಿಗೆ 0, ಅನುಮಾನವಿದ್ದರೆ ಅರ್ಧ, ಹಲ್ಲಿನ ಕಾಲುಭಾಗಕ್ಕಿಂತ ಕಡಿಮೆ ಬಿಳುಪಿದ್ದರೆ 1, ಅರ್ಧಭಾಗದೊಳಗಿದ್ದರೆ 2, ಇಡೀ ಹಲ್ಲು ಬಾಧಿತವಾಗಿ ಸವೆತ ಕಂಡರೆ 3, ಕುಳಿ ಬಿದ್ದಿದ್ದರೆ 4. ಬಾಯಿಯಲ್ಲಿ ಅತಿ ಹೆಚ್ಚು ಬಾಧಿತವಾದ ಎರಡು ಹಲ್ಲುಗಳನ್ನು ನೋಡಿ ಆ ಮಗುವಿಗೆ ಅಂಕ ಕೊಡುತ್ತಾರೆ. ಎಲ್ಲ ಮಕ್ಕಳ ಅಂಕ ಕೂಡಿಸಿ ಮಕ್ಕಳ ಸಂಖ್ಯೆಯಿಂದ ಭಾಗಿಸಿದರೆ ಊರಿನ ಫ್ಲೋರೋಸಿಸ್ ಸೂಚ್ಯಂಕ ಬರುತ್ತದೆ. ಅದು 0.6 ದಾಟಿದರೆ ಊರಿಗೆ ಊರೇ ಚಿಂತಿಸಬೇಕಾದ ವಿಷಯ ಎಂದು ಡೀನ್ ಹೇಳಿದರು. ಎಂಬತ್ತಕ್ಕೂ ಹೆಚ್ಚು ವರ್ಷ ಕಳೆದರೂ ಭಾರತದ ದಂತ ಸಮೀಕ್ಷೆಗಳಲ್ಲಿ ಈ ಅಳತೆ ಬಳಕೆಯಲ್ಲಿದೆ.

ಈಗ ಬರೀ ಲೆಕ್ಕಕ್ಕೆಂದು ಎರಡು ಊರುಗಳನ್ನು ಊಹಿಸಿಕೊಳ್ಳಿ, ತಲಾ ನೂರು ಮಕ್ಕಳು. ಮೊದಲನೆಯ ಊರಲ್ಲಿ ನೂರಕ್ಕೆ ನೂರು ಮಕ್ಕಳಿಗೂ ತೆಳು ಬಿಳಿ ಗೆರೆ, ಅಂಕ 1. ಸೂಚ್ಯಂಕವೂ 1. ಎರಡನೆಯ ಊರಲ್ಲಿ 75 ಮಕ್ಕಳ ಹಲ್ಲು ಶುಭ್ರ, ಉಳಿದ 25 ಮಕ್ಕಳಿಗೆ ಕುಳಿಬಿದ್ದ ಕಂದು ಹಲ್ಲು, ಅಂಕ 4. ಅಲ್ಲೂ ಸೂಚ್ಯಂಕ 1! ಮೊದಲ ಊರಿನ ಮಕ್ಕಳ ಹಲ್ಲನ್ನು ಮನೆಯವರೇ ಗಮನಿಸಿರಲಿಕ್ಕಿಲ್ಲ. ಎರಡನೆಯ ಊರಲ್ಲಿ ಇಪ್ಪತ್ತೈದು ಮಕ್ಕಳು ನಗುವಾಗ ಬಾಯಿಗೆ ಕೈ ಅಡ್ಡ ಹಿಡಿಯುತ್ತಾರೆ. ಬಹುಶಃ ಊರಿನ ಒಂದೇ ಓಣಿಯ ಒಂದೇ ಬೋರ್‌ವೆಲ್ ನೀರು ಅವರಿಗೆ ಹೀಗೆ ಮಾಡಿರಬಹುದು. ಮೊದಲ ಊರಿಗೆ ಬೇಕಾದ್ದು ನಿಗಾ, ಎರಡನೆಯದಕ್ಕೆ ಬೇಕಾದ್ದು ನಾಳೆಯೇ ಆ ಬೋರ್ ಬಂದ್ ಮಾಡಿಸುವ ಆದೇಶ. ಸರಾಸರಿ ಈ ಎರಡನ್ನೂ ಒಂದೇ ಅಂಕಿಯಲ್ಲಿ ಅಡಗಿಸಿಬಿಡುತ್ತದೆ. ಇದಕ್ಕೆ ಕಾರಣವೂ ಸರಳ: ಡೀನ್ ಕೊಟ್ಟ 1, 2, 3, 4 ತೂಕದ ಬಟ್ಟಿನಂತೆ ಕೂಡಿಸಬಹುದಾದ ಅಂಕಿಗಳಲ್ಲ, ಅವು ಮೆಟ್ಟಿಲಿನ ಕ್ರಮ ಮಾತ್ರ. 4ನೇ ಮೆಟ್ಟಿಲಿನ ಕಷ್ಟ 1ನೆಯದರ ನಾಲ್ಕರಷ್ಟು ಎಂದು ಯಾರೂ ಅಳೆದು ಹೇಳಿಲ್ಲ. ಹಾಗಾಗಿ ಸೂಚ್ಯಂಕ ಕೊಟ್ಟರೂ ಸರಿಯೇ, ಅದರ ಪಕ್ಕದಲ್ಲಿ ಯಾವ ಮೆಟ್ಟಿಲಲ್ಲಿ ಎಷ್ಟು ಮಕ್ಕಳು ಎಂಬ ಪಟ್ಟಿ ಇರಲೇಬೇಕು. ಆರು ಸಾಲಿನ ಪಟ್ಟಿ ಸಾಕು.

ಹುಳುಕು ಹಲ್ಲಿನ ಲೆಕ್ಕದಲ್ಲೂ ಇದೇ ತೊಡಕು. ಹುಳ ಹತ್ತಿದ ಹಲ್ಲು, ಅದರಿಂದಾಗಿ ಕಿತ್ತ ಹಲ್ಲು, ತುಂಬಿಸಿದ ಹಲ್ಲು, ಇವುಗಳ ಮೊತ್ತವನ್ನು ಡಿಎಂಎಫ್‌ಟಿ ಎನ್ನುತ್ತಾರೆ. ಕ್ಲೈನ್, ಪಾಮರ್, ನಟ್ಸನ್ ಎಂಬ ಮೂವರು 1938ರಲ್ಲಿ ಬಳಕೆಗೆ ತಂದ ಅಳತೆ ಇದು. ಭಾರತೀಯ ದಂತ ವೈದ್ಯಕೀಯ ಪರಿಷತ್ತು 2002-03ರಲ್ಲಿ ನಡೆಸಿದ ರಾಷ್ಟ್ರೀಯ ಸಮೀಕ್ಷೆಯಲ್ಲಿ 12 ವರ್ಷದ ಮಕ್ಕಳಲ್ಲಿ ಶೇ 53.8ರಷ್ಟು ಮಂದಿಗೆ ಹುಳುಕು ಇತ್ತು. ಅಂದರೆ ಹತ್ತಿರಹತ್ತಿರ ಅರ್ಧದಷ್ಟು ಮಕ್ಕಳ ಲೆಕ್ಕ ಸೊನ್ನೆ. ಉಳಿದವರಲ್ಲಿ ಕೆಲವರಿಗೆ ಒಂದು, ಕೆಲವರಿಗೆ ಆರೇಳು. ಇಂಥ ಕಡೆ “ಸರಾಸರಿ 1.2, ಮಾನಕ ವಿಚಲನೆ 1.6” ಎಂದು ವರದಿ ಬಂದರೆ ಓದುವವರು ಅಲ್ಲೇ ನಿಲ್ಲಬೇಕು. ಹುಳುಕು ಹಲ್ಲು ಸೊನ್ನೆಗಿಂತ ಕಡಿಮೆ ಇರಲಾರದು. ವಿಚಲನೆ, ಅಂದರೆ ಅಂಕಿಗಳು ಸರಾಸರಿಯಿಂದ ಎಷ್ಟು ಚದುರಿವೆ ಎಂಬ ಅಳತೆ, ಸರಾಸರಿಗಿಂತ ದೊಡ್ಡದಾಗಿದೆ ಎಂದರೆ ಭಾರವೆಲ್ಲ ಕೆಲವೇ ಮಕ್ಕಳ ಮೇಲೆ ಬಿದ್ದಿದೆ ಎಂದರ್ಥ. ಸ್ವೀಡನ್ನಿನ ಡಗ್ಲಾಸ್ ಬ್ರಾಟ್‌ಹಾಲ್ 2000ದಲ್ಲಿ ಇದಕ್ಕೊಂದು ದಾರಿ ಸೂಚಿಸಿದರು. ಅತಿ ಹೆಚ್ಚು ಹುಳುಕಿರುವ ಮೂರನೇ ಒಂದು ಭಾಗದ ಮಕ್ಕಳನ್ನು ಬೇರೆ ಮಾಡಿ ಅವರ ಸರಾಸರಿಯನ್ನು ಪ್ರತ್ಯೇಕವಾಗಿ ಹೇಳಿ, ಎಂದರು. ಯಾರ ಹಲ್ಲಿಗೆ ಮೊದಲು ಔಷಧ ಮುಟ್ಟಬೇಕು ಎಂದು ತೋರಿಸುವ ಅಂಕಿ ಅದು.

ಇನ್ನು ಆ ಪಿ ಮೌಲ್ಯ. ಇಂಗ್ಲೆಂಡಿನ ರೊನಾಲ್ಡ್ ಫಿಶರ್ 1925ರಲ್ಲಿ ಪ್ರಕಟಿಸಿದ ಸಂಖ್ಯಾಶಾಸ್ತ್ರದ ಪುಸ್ತಕದಿಂದ ಇಪ್ಪತ್ತರಲ್ಲಿ ಒಂದು, ಅಂದರೆ 0.05 ಎಂಬ ಗಡಿ ಜನಪ್ರಿಯವಾಯಿತು. ಅದು ಹೇಳುವುದಿಷ್ಟು: ಎರಡು ಗುಂಪುಗಳ ನಡುವೆ ನಿಜಕ್ಕೂ ವ್ಯತ್ಯಾಸವೇ ಇಲ್ಲ ಎಂದಿಟ್ಟುಕೊಂಡರೆ, ಇಷ್ಟು ಅಥವಾ ಇದಕ್ಕಿಂತ ದೊಡ್ಡ ಅಂತರ ಬರೀ ಆಕಸ್ಮಿಕವಾಗಿ ಎಷ್ಟು ಸಲ ಕಾಣಬಹುದಿತ್ತು? ಅಂತರ ಎಷ್ಟು ದೊಡ್ಡದು ಎಂದು ಅದು ಹೇಳುವುದಿಲ್ಲ. ಆ ಅಂತರ ರೋಗಿಗೆ ಮುಖ್ಯವೇ ಎಂದೂ ಹೇಳುವುದಿಲ್ಲ. ಸಂಶೋಧಕರ ಊಹೆ ನಿಜವಾಗಿರುವ ಸಂಭವವೂ ಅದಲ್ಲ. ಅಮೆರಿಕನ್ ಸ್ಟ್ಯಾಟಿಸ್ಟಿಕಲ್ ಅಸೋಸಿಯೇಷನ್ 2016ರಲ್ಲಿ ಈ ಬಗ್ಗೆ ವಿಶೇಷ ಹೇಳಿಕೆಯನ್ನೇ ಹೊರಡಿಸಬೇಕಾಯಿತು: ಯಾವ ವೈಜ್ಞಾನಿಕ ತೀರ್ಮಾನವೂ ಪಿ ಮೌಲ್ಯ ಒಂದು ಗೆರೆ ದಾಟಿತೇ ಇಲ್ಲವೇ ಎಂಬುದರ ಮೇಲಷ್ಟೇ ನಿಲ್ಲಬಾರದು ಎಂದು ಅದು ಸ್ಪಷ್ಟವಾಗಿ ಹೇಳಿತು.

ಮತ್ತೆ ಲೆಕ್ಕಕ್ಕೆಂದೇ ಎರಡು ತಾಲ್ಲೂಕು ತೆಗೆದುಕೊಳ್ಳೋಣ. ತಲಾ 2,000 ಮಕ್ಕಳ ತಪಾಸಣೆ. ಒಂದರಲ್ಲಿ ಸರಾಸರಿ 1.5 ಹುಳುಕು ಹಲ್ಲು, ಇನ್ನೊಂದರಲ್ಲಿ 1.6, ವಿಚಲನೆ ಎರಡರಲ್ಲೂ 1.5. ಲೆಕ್ಕ ಹಾಕಿದರೆ ಪಿ ಮೌಲ್ಯ 0.05ರ ಕೆಳಗೇ ಬರುತ್ತದೆ, ವರದಿಯಲ್ಲಿ ‘ಗಣನೀಯ’ ಎಂಬ ಪದ ಬೀಳುತ್ತದೆ. ವಾಸ್ತವದಲ್ಲಿ ಆ ಅಂತರ ಹತ್ತು ಮಕ್ಕಳಿಗೆ ಒಂದು ಹಲ್ಲು. ಅದೇ ವಿಚಲನೆ ಇಟ್ಟುಕೊಂಡು, ತಲಾ 25 ಮಕ್ಕಳ ಎರಡು ಸಣ್ಣ ಗುಂಪುಗಳಲ್ಲಿ ಅಂತರ 0.6 ಬಂದರೆ, ಅಂದರೆ ಆರು ಪಟ್ಟು ಹೆಚ್ಚಾದರೂ, ಪಿ ಮೌಲ್ಯ 0.16ರ ಆಸುಪಾಸಿಗೆ ಹೋಗುತ್ತದೆ. ವರದಿ ‘ವ್ಯತ್ಯಾಸವಿಲ್ಲ’ ಎನ್ನುತ್ತದೆ. ಮೊದಲನೆಯದು ದೊಡ್ಡದಾಗಿ ಕಂಡ ಸಣ್ಣ ಸಂಗತಿ. ಎರಡನೆಯದು ಇನ್ನೂ ಗೊತ್ತಾಗದ ಸಂಗತಿ, ಅದನ್ನು ಇಲ್ಲವೆಂದು ಬರೆದುಬಿಟ್ಟಿದ್ದಾರೆ. ಪುರಾವೆ ಸಿಗದಿರುವುದೂ ವ್ಯತ್ಯಾಸ ಇಲ್ಲದಿರುವುದೂ ಒಂದೇ ಅಲ್ಲ ಎಂದು ಬ್ರಿಟನ್ನಿನ ಸಂಖ್ಯಾಶಾಸ್ತ್ರಜ್ಞರಾದ ಡಗ್ಲಾಸ್ ಆಲ್ಟ್‌ಮನ್ ಮತ್ತು ಮಾರ್ಟಿನ್ ಬ್ಲಾಂಡ್ 1995ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಎಚ್ಚರಿಸಿದ್ದರು.

ಹಾಗಾದರೆ ಹೇಳುವುದು ಹೇಗೆ? ಅಂತರವನ್ನು ಹೇಳಿ, ಅದರ ಜೊತೆಗೆ ಆ ಅಂತರ ಎಲ್ಲಿಂದ ಎಲ್ಲಿಯವರೆಗೆ ಇರಬಹುದು ಎಂಬ ವ್ಯಾಪ್ತಿಯನ್ನೂ ಕೊಡಬೇಕು. ಇದಕ್ಕೆ ಶೇ 95ರ ಕಾನ್ಫಿಡೆನ್ಸ್ ಇಂಟರ್‌ವಲ್ ಎಂದು ಹೆಸರು. ಮೇಲಿನ ಸಣ್ಣ ಗುಂಪುಗಳಲ್ಲಿ ಅದು ಸುಮಾರು ಮೈನಸ್ 0.25ರಿಂದ 1.45ರವರೆಗೆ ಹರಡಿಕೊಳ್ಳುತ್ತದೆ. ಒಂದು ಕಡೆ ಏನೂ ಇಲ್ಲದಿರಬಹುದು, ಇನ್ನೊಂದು ಕಡೆ ಪ್ರತಿ ಮಗುವಿಗೆ ಒಂದೂವರೆ ಹಲ್ಲಿನಷ್ಟು ಅಂತರವಿರಬಹುದು. ಇದನ್ನು ಓದಿದ ಯಾರಿಗಾದರೂ ಇನ್ನಷ್ಟು ಮಕ್ಕಳನ್ನು ನೋಡಬೇಕು ಎಂದು ತಾನಾಗಿ ಹೊಳೆಯುತ್ತದೆ.

ಈ ಮಾತಿಗೆ ಫ್ಲೋರೈಡ್ ಕ್ಷೇತ್ರದಲ್ಲೇ ಒಳ್ಳೆಯ ಉದಾಹರಣೆ ಇದೆ. ಅತಿಯಾದರೆ ಹಲ್ಲು ಕೆಡಿಸುವ ಫ್ಲೋರೈಡ್ ಮಿತವಾಗಿದ್ದರೆ ಹುಳುಕು ತಡೆಯುತ್ತದೆ. ಡೀನ್ ಮತ್ತು ಸಂಗಡಿಗರು 1942ರಲ್ಲಿ ಅಮೆರಿಕದ 21 ಊರುಗಳ, 12ರಿಂದ 14 ವರ್ಷದ ಏಳು ಸಾವಿರಕ್ಕೂ ಹೆಚ್ಚು ಮಕ್ಕಳ ಲೆಕ್ಕ ಮುಂದಿಟ್ಟರು. ನೀರಿನಲ್ಲಿ ಫ್ಲೋರೈಡ್ ಬಹುತೇಕ ಇಲ್ಲದ ಮಿಚಿಗನ್ ಸಿಟಿಯಲ್ಲಿ ನೂರು ಮಕ್ಕಳಿಗೆ 1,037 ಹುಳುಕು ಹಲ್ಲು, ಲೀಟರಿಗೆ 1.9 ಮಿಲಿಗ್ರಾಂ ಇದ್ದ ಗೇಲ್ಸ್‌ಬರ್ಗ್‌ನಲ್ಲಿ 236. ನೂರು ಮಕ್ಕಳಿಗೆ ಇಷ್ಟು ಎಂದು ಬರೆದ ಆ ಕ್ರಮ ಈಗಲೂ ಓದಲು ಎಷ್ಟು ಸಲೀಸು! ಮುಂದೆ ಅನೇಕ ಪಾಶ್ಚಾತ್ಯ ನಗರಗಳು ನಲ್ಲಿ ನೀರಿಗೆ ಲೆಕ್ಕಹಾಕಿ ಫ್ಲೋರೈಡ್ ಸೇರಿಸಿದವು. ಜಗತ್ತಿನ ಅಧ್ಯಯನಗಳನ್ನು ಒಟ್ಟುಗೂಡಿಸಿ ಅಳೆಯುವ ಕಾಕ್ರೇನ್ ಸಂಸ್ಥೆ 2015ರಲ್ಲಿ, ಈ ಕ್ರಮದಿಂದ ಹಾಲುಹಲ್ಲಿನ ಹುಳುಕು ಶೇ 35ರಷ್ಟು ತಗ್ಗಿತ್ತು ಎಂದಿತು. ಆದರೆ ಆ ಅಧ್ಯಯನಗಳಲ್ಲಿ ಹೆಚ್ಚಿನವು 1975ಕ್ಕಿಂತ ಹಿಂದಿನವು, ಫ್ಲೋರೈಡ್ ಟೂತ್‌ಪೇಸ್ಟ್ ಮನೆಮನೆಗೆ ಬರುವ ಮೊದಲಿನವು ಎಂದೂ ಹೇಳಿತು. 2024ರ ಪರಿಷ್ಕೃತ ವರದಿಯಲ್ಲಿ 1975ರ ನಂತರದ ಅಧ್ಯಯನಗಳನ್ನು ಬೇರೆ ಮಾಡಿದಾಗ ಸಿಕ್ಕ ಲಾಭ ಮಗುವಿಗೆ 0.24 ಹಲ್ಲು, ಸರಿಸುಮಾರು ನಾಲ್ಕು ಮಕ್ಕಳಿಗೆ ಒಂದು. ಅದರ ವ್ಯಾಪ್ತಿ ಮೈನಸ್ 0.03ರಿಂದ 0.52. ಸೊನ್ನೆಯೂ ಆ ವ್ಯಾಪ್ತಿಯೊಳಗೇ ಇದೆ. ಅವರು ಅದನ್ನು ಮುಚ್ಚಿಡಲಿಲ್ಲ; ಸ್ವಲ್ಪ ಲಾಭವಿರಬಹುದು, ಇಲ್ಲದೆಯೂ ಇರಬಹುದು ಎಂದು ನೇರವಾಗಿ ಬರೆದರು. ವಿಜಯಪುರದಂಥ ಕಡೆ ನೀರಿಗೆ ಫ್ಲೋರೈಡ್ ಸೇರಿಸುವ ಮಾತೇ ಏಳದು, ಇಲ್ಲಿ ತೆಗೆಯುವುದೇ ದೊಡ್ಡ ಕೆಲಸ. ಆದರೂ ಒಂದು ವರದಿ ತನ್ನ ಖಾತ್ರಿಯ ಮಟ್ಟವನ್ನು ಹೇಗೆ ಹೇಳಿಕೊಳ್ಳಬೇಕು ಎಂಬುದಕ್ಕೆ ಇದು ಮಾದರಿ.

ಶೇಕಡಾ ಲೆಕ್ಕವೂ ಒಂಟಿಯಾಗಿ ಬಂದರೆ ದಾರಿ ತಪ್ಪಿಸುತ್ತದೆ. ಫ್ಲೋರೈಡ್ ಟೂತ್‌ಪೇಸ್ಟ್ ಕುರಿತ ಕಾಕ್ರೇನ್‌ನ 2003ರ ವರದಿಯ ಪ್ರಕಾರ ಅದು ಹುಳುಕನ್ನು ಶೇ 24ರಷ್ಟು ತಡೆಯುತ್ತದೆ. ಒಂದು ಮಗುವಿಗೆ ವರ್ಷಕ್ಕೆ 2.6 ಹಲ್ಲಿನ ಮೈಗಳು ಹುಳುಕಾಗುವ ಕಡೆ 1.6 ಮಕ್ಕಳು ಆ ಪೇಸ್ಟ್ ಬಳಸಿದರೆ ಒಂದು ಹುಳುಕು ತಪ್ಪುತ್ತದೆ, ವರ್ಷಕ್ಕೆ 1.1 ಹುಳುಕಾಗುವ ಕಡೆ ಅದಕ್ಕೆ 3.7 ಮಕ್ಕಳು ಬೇಕು. ಶೇಕಡಾ ಎರಡೂ ಕಡೆ ಒಂದೇ, ಫಲ ಎರಡರಷ್ಟು ಬೇರೆ. ಟಿವಿ ಜಾಹೀರಾತಿನಲ್ಲಿ ಶೇಕಡಾ ಮಾತ್ರ ಕೇಳಿಸುತ್ತದೆ.

ಇಂಡಿ, ಸಿಂದಗಿಯಂಥ ಕಡೆ ಸಮೀಕ್ಷೆ ಮಾಡುವವರು ಅತಿ ಹೆಚ್ಚು ಎಡವುವ ಜಾಗ ಇನ್ನೊಂದಿದೆ, ಅದನ್ನು ಸ್ವಲ್ಪ ನಿಧಾನವಾಗಿ ನೋಡಬೇಕು. ಅನ್ನ ಬೆಂದಿದೆಯೇ ಎಂದು ತಿಳಿಯಲು ಒಂದು ಅಗುಳು ಹಿಸುಕಿದರೆ ಸಾಕು, ಏಕೆಂದರೆ ಪಾತ್ರೆಯ ಅಗುಳೆಲ್ಲ ಒಂದೇ ನೀರಿನಲ್ಲಿ ಬೆಂದದ್ದು. ಅದೇ ಕಾರಣಕ್ಕೆ ಆ ಪಾತ್ರೆಯಿಂದ ಐವತ್ತು ಅಗುಳು ಹಿಸುಕಿದರೂ ಪಕ್ಕದ ಮನೆಯ ಪಾತ್ರೆಯ ಬಗ್ಗೆ ಏನೂ ತಿಳಿಯುವುದಿಲ್ಲ. ಒಂದು ಶಾಲೆಯ ಐವತ್ತು ಮಕ್ಕಳು ಹೆಚ್ಚುಕಡಿಮೆ ಒಂದೇ ಬೋರ್‌ವೆಲ್ ನೀರು ಕುಡಿದು ಬೆಳೆದವರು. ಅವರನ್ನು ಐವತ್ತು ಬೇರೆ ಬೇರೆ ಸಾಕ್ಷಿಗಳೆಂದು ಎಣಿಸಿದರೆ ಲೆಕ್ಕ ಉಬ್ಬುತ್ತದೆ. ಇದನ್ನು ತಿದ್ದಲು ಸಂಖ್ಯಾಶಾಸ್ತ್ರದಲ್ಲಿ ಒಂದು ಸುಲಭ ಸೂತ್ರವಿದೆ. ಇಪ್ಪತ್ತು ಶಾಲೆ, ಶಾಲೆಗೆ ಐವತ್ತರಂತೆ ಸಾವಿರ ಮಕ್ಕಳು. ಒಂದೇ ಶಾಲೆಯ ಮಕ್ಕಳ ನಡುವಿನ ಹೋಲಿಕೆಯ ಅಳತೆ 0.1 ಎಂದು ಹಿಡಿದರೆ, ಬೇರೆ ಬೇರೆ ಕಡೆಯಿಂದ ಚೀಟಿ ಎತ್ತಿ ಆರಿಸಿದ ಸುಮಾರು 170 ಮಕ್ಕಳಿಂದ ಎಷ್ಟು ತಿಳಿಯುತ್ತಿತ್ತೋ ಆ ಸಾವಿರ ಮಕ್ಕಳಿಂದಲೂ ತಿಳಿಯುವುದು ಅಷ್ಟೇ. ಫ್ಲೋರೈಡಿನ ವಿಷಯದಲ್ಲಿ ಹೋಲಿಕೆ ಅದಕ್ಕಿಂತಲೂ ಹೆಚ್ಚಿರಬಹುದು, ಏಕೆಂದರೆ ಕಾರಣವೇ ಹಂಚಿಕೊಂಡ ನೀರು. ನೆಲದಡಿಯ ಬಂಡೆಯೂ ಊರಿಂದೂರಿಗೆ ಬೇರೆ. ಉತ್ತರದ ಕಪ್ಪು ಮಣ್ಣಿನ ಕೆಳಗೆ ದಖನ್ನಿನ ಲಾವಾ ಬಂಡೆ ಇದ್ದರೆ ಮುದ್ದೇಬಿಹಾಳದ ಕಡೆ ಗ್ರಾನೈಟ್, ಸುಣ್ಣಕಲ್ಲುಗಳೂ ಸಿಗುತ್ತವೆ. ಕೊಳವೆಬಾವಿಯ ಆಳ, ನೀರು ಬಂಡೆಯ ಸಂಪರ್ಕದಲ್ಲಿ ಇದ್ದ ಅವಧಿ, ನೀರಿನ ಕ್ಷಾರಗುಣ ಎಲ್ಲವೂ ಸೇರಿ ಒಂದೇ ಊರಿನ ಎರಡು ಬೋರ್‌ಗಳ ನಡುವೆಯೂ ಫ್ಲೋರೈಡ್ ಬದಲಾಗುತ್ತದೆ. ಹಾಗಾಗಿ ವರದಿ ಎಷ್ಟು ಮಕ್ಕಳನ್ನು ನೋಡಿತು ಎಂಬುದರಷ್ಟೇ ಎಷ್ಟು ನೀರಿನ ಮೂಲಗಳನ್ನು ನೋಡಿತು ಎಂಬುದೂ ಮುಖ್ಯ. ಅದನ್ನು ಹೇಳದ ವರದಿಯ ಪಿ ಮೌಲ್ಯವನ್ನು ನಂಬುವ ಅಗತ್ಯವಿಲ್ಲ.

ಬಾಯಿಯೊಳಗೂ ಇದೇ ಕಥೆ. ಒಬ್ಬ ಮನುಷ್ಯನ ಇಪ್ಪತ್ತೆಂಟು ಹಲ್ಲುಗಳು ಇಪ್ಪತ್ತೆಂಟು ಮನುಷ್ಯರಲ್ಲ. ಊಟ, ಉಗುಳು, ಅಭ್ಯಾಸ ಎಲ್ಲಕ್ಕೂ ಒಂದೇ. ಮೂವತ್ತು ರೋಗಿಗಳ ಹಲ್ಲು ಎಣಿಸಿ “840 ಹಲ್ಲುಗಳ ಅಧ್ಯಯನ” ಎಂದು ಬರೆಯುವುದು ದಂತ ಸಂಶೋಧನೆಯ ಹಳೆಯ ಚಾಳಿ.

ಯಾರನ್ನು ನೋಡಲಿಲ್ಲ ಎಂಬುದು ಇನ್ನೂ ಸೂಕ್ಷ್ಮ. ಸುಗ್ಗಿ ಮುಗಿದರೆ, ಮಳೆ ಕೈಕೊಟ್ಟರೆ ಈ ತಾಲ್ಲೂಕುಗಳಿಂದ ಕುಟುಂಬಗಳು ಕಬ್ಬು ಕಡಿಯಲು ಮಹಾರಾಷ್ಟ್ರಕ್ಕೆ, ಕಟ್ಟಡ ಕೆಲಸಕ್ಕೆ ಗೋವಾ, ಮಂಗಳೂರು, ಬೆಂಗಳೂರಿಗೆ ಗುಳೆ ಹೋಗುತ್ತವೆ. ಎಷ್ಟೋ ಮಕ್ಕಳೂ ಜೊತೆಗೇ ಹೋಗುತ್ತಾರೆ. ಆ ತಿಂಗಳಲ್ಲಿ ಶಾಲೆಗೆ ಹೋಗಿ ಹಲ್ಲು ಎಣಿಸಿದರೆ ಸಿಗುವುದು ಊರಲ್ಲಿ ಉಳಿದ ಮಕ್ಕಳು ಮಾತ್ರ. ಸ್ವಂತ ಹೊಲ ಇದ್ದವರ, ಸಂಬಳ ಬರುವವರ, ಶುದ್ಧ ಕುಡಿಯುವ ನೀರಿನ ಘಟಕದಿಂದ ಕ್ಯಾನ್ ತರಿಸುವಷ್ಟು ಅನುಕೂಲವಿದ್ದವರ ಮಕ್ಕಳು ಅವರಲ್ಲಿ ಹೆಚ್ಚಿರಬಹುದು. ಹಾಜರಿ ಪುಸ್ತಕದಲ್ಲಿ ಎಷ್ಟು ಹೆಸರಿದ್ದವು, ತಪಾಸಣೆಯ ದಿನ ಎಷ್ಟು ಮಂದಿ ಇದ್ದರು, ಬಾರದವರು ಯಾರು ಎಂಬ ಮೂರು ಸಂಗತಿಗಳನ್ನು ಬರೆಯುವುದು ಕಷ್ಟದ ಕೆಲಸವೇನಲ್ಲ. ಇಂಥ ಸಮೀಕ್ಷೆಗಳಿಗಾಗಿಯೇ 2007ರಲ್ಲಿ ಪ್ರಕಟವಾದ ಸ್ಟ್ರೋಬ್ ಎಂಬ ಅಂತರರಾಷ್ಟ್ರೀಯ ಮಾರ್ಗಸೂಚಿ ಕೇಳುವುದೂ ಅದನ್ನೇ. ಬಡ ಮಕ್ಕಳು ಹಲ್ಲಿನ ಲೆಕ್ಕದಿಂದಲೂ ಹೊರಗುಳಿಯಬಾರದು.

ತಾಲ್ಲೂಕಿನ ಹೆಸರಿನಲ್ಲೂ ಒಂದು ಎಡವುಗಲ್ಲಿದೆ. ವಿಜಯಪುರ ಸೇರಿ ಐದೇ ತಾಲ್ಲೂಕುಗಳಿದ್ದ ಜಿಲ್ಲೆ 2018ರ ಸುಮಾರಿಗೆ ಹೊಸ ತಾಲ್ಲೂಕುಗಳಾಗಿ ಒಡೆಯಿತು. ಇಂಡಿಯಿಂದ ಚಡಚಣ, ಸಿಂದಗಿಯಿಂದ ದೇವರ ಹಿಪ್ಪರಗಿ ಮತ್ತು ಆಲಮೇಲ, ಮುದ್ದೇಬಿಹಾಳದಿಂದ ತಾಳಿಕೋಟೆ, ಬಸವನ ಬಾಗೇವಾಡಿಯಿಂದ ನಿಡಗುಂದಿ ಮತ್ತು ಕೊಲ್ಹಾರ ಬೇರೆಯಾದವು. ಹಳೆಯ ವರದಿಯ ‘ಸಿಂದಗಿ’ಯನ್ನು ಹೊಸ ವರದಿಯ ‘ಸಿಂದಗಿ’ಯ ಜೊತೆ ಹೋಲಿಸಿ ಫ್ಲೋರೋಸಿಸ್ ಇಳಿಯಿತು ಎಂದರೆ, ಇಳಿದದ್ದು ರೋಗವೋ ತಾಲ್ಲೂಕಿನ ಗಡಿಯೋ ಎಂದು ಕೇಳಬೇಕಾಗುತ್ತದೆ. ಗ್ರಾಮವಾರು ಅಂಕಿ ಕೊಟ್ಟಿದ್ದರೆ ಈ ಗೊಂದಲವೇ ಇಲ್ಲ.

ನೋಡುವ ಕಣ್ಣುಗಳ ಮಾತೂ ಇದೆ. ಒದ್ದೆ ಹಲ್ಲಿನಲ್ಲಿ ಕಾಣದ ಬಿಳಿ ಗೆರೆ ಒಣಗಿದ ಹಲ್ಲಿನಲ್ಲಿ ಕಾಣುತ್ತದೆ. ತಂಬಾಕಿನ ಮಿಶ್ರಿ ತಿಕ್ಕುವ ಹೆಂಗಸರ ಕಪ್ಪು ಕಲೆ, ಚಹಾದ ಕಲೆ, ಫ್ಲೋರೈಡಿನ ಕಂದು ಇವನ್ನು ಬೇರ್ಪಡಿಸಲು ಪಳಗಿದ ಕಣ್ಣು ಬೇಕು. ಆದ್ದರಿಂದ ಇಬ್ಬರು ವೈದ್ಯರು ಅದೇ ಮಕ್ಕಳನ್ನು ಬೇರೆ ಬೇರೆಯಾಗಿ ನೋಡಿ ಎಷ್ಟರ ಮಟ್ಟಿಗೆ ಒಪ್ಪಿದರು ಎಂದು ಅಳೆಯುತ್ತಾರೆ. ಜೇಕಬ್ ಕೊಹೆನ್ 1960ರಲ್ಲಿ ಕೊಟ್ಟ ‘ಕಪ್ಪಾ’ ಎಂಬ ಅಳತೆ ಇದಕ್ಕೆ ಬಳಕೆಯಾಗುತ್ತದೆ. ಅಚಾನಕ್ಕಾಗಿ ಹೊಂದಿಕೆಯಾದದ್ದನ್ನು ಅದು ಕಳೆದು ಹೇಳುತ್ತದೆ. ಹತ್ತರಲ್ಲಿ ಒಂಬತ್ತು ಮಕ್ಕಳ ಹಲ್ಲು ಚೆನ್ನಾಗಿರುವ ಊರಲ್ಲಿ ಇಬ್ಬರೂ ಕಣ್ಣುಮುಚ್ಚಿ ‘ಚೆನ್ನಾಗಿದೆ’ ಎಂದರೂ ಪೂರ್ತಿ ಒಪ್ಪಿದಂತೆಯೇ ಕಾಣುತ್ತದಲ್ಲ, ಅದಕ್ಕೇ ಈ ಎಚ್ಚರ.

ಇದಲ್ಲದೆ ಅಂಕಿಗಳನ್ನು ಸೋಸಿ ಸೋಸಿ ಹುಡುಕುವ ಅಭ್ಯಾಸ. ಗಂಡು-ಹೆಣ್ಣು, ವಯಸ್ಸು, ತಾಲ್ಲೂಕು, ಪೇಸ್ಟು, ಚಹಾ ಎಂದು ಇಪ್ಪತ್ತು ಬಗೆಯಲ್ಲಿ ಹೋಲಿಸಿದರೆ, ನಿಜವಾದ ವ್ಯತ್ಯಾಸ ಎಲ್ಲೂ ಇಲ್ಲದಿದ್ದರೂ ಕನಿಷ್ಠ ಒಂದಾದರೂ ‘ಗಣನೀಯ’ ಎಂದು ಬರುವ ಸಂಭವ ಶೇ 64. ಆ ಒಂದನ್ನು ಮಾತ್ರ ಎತ್ತಿ ಬರೆದರೆ ಓದುಗ ಮೋಸಹೋಗುತ್ತಾನೆ. ಔಷಧ, ಚಿಕಿತ್ಸೆಗಳ ಪ್ರಯೋಗದಲ್ಲಿ ಇದನ್ನು ತಡೆಯಲೆಂದೇ ಏನನ್ನು ಅಳೆಯುತ್ತೇವೆ ಎಂದು ಮೊದಲೇ ನೋಂದಾಯಿಸುವ ಪದ್ಧತಿ ಬಂತು. ಭಾರತದಲ್ಲಿ ಕ್ಲಿನಿಕಲ್ ಟ್ರಯಲ್ಸ್ ರಿಜಿಸ್ಟ್ರಿ 2007ರ ಜುಲೈನಲ್ಲಿ ಶುರುವಾಯಿತು, 2009ರಿಂದ ನೋಂದಣಿ ಕಡ್ಡಾಯವಾಯಿತು. ಇನ್ನು ಕಂಪ್ಯೂಟರ್ ತೆಗೆದುಕೊಡುವ “ಪಿ = 0.000” ಎಂಬುದನ್ನು ಹಾಗೇ ನಕಲು ಮಾಡುವುದು. ಸೊನ್ನೆ ಸಂಭವ ಎಂಬುದು ಇಲ್ಲಿ ಇರಲಾರದು, 0.001ಕ್ಕಿಂತ ಕಡಿಮೆ ಎಂದು ಬರೆಯಬೇಕು. ಸಣ್ಣ ವಿಷಯವೇ, ಆದರೆ ಬರೆದವರಿಗೆ ಲೆಕ್ಕ ತಿಳಿದಿದೆಯೇ ಎಂದು ಅಲ್ಲೇ ಗೊತ್ತಾಗುತ್ತದೆ.

ಕರ್ನಾಟಕದಲ್ಲಿ ಇಂಥ ಅಧ್ಯಯನಗಳ ದೊಡ್ಡ ಪಾಲು ಹುಟ್ಟುವುದು ದಂತ ಕಾಲೇಜುಗಳ ಎಂಡಿಎಸ್ ವಿದ್ಯಾರ್ಥಿಗಳ ಪ್ರಬಂಧಗಳಲ್ಲಿ. ವಿಜಯಪುರದಲ್ಲೇ ಅಲ್-ಅಮೀನ್ ದಂತ ವೈದ್ಯಕೀಯ ಕಾಲೇಜಿದೆ. ಹಳ್ಳಿ ಶಾಲೆಗಳಿಗೆ ಹೋಗಿ, ಬಿಸಿಲಲ್ಲಿ ಕುರ್ಚಿ ಹಾಕಿ, ಕನ್ನಡಿ ಹಿಡಿದು ನೂರಾರು ಬಾಯಿ ನೋಡುವ ಯುವ ವೈದ್ಯರ ಶ್ರಮ ಕಡಿಮೆಯದಲ್ಲ. ಆ ಶ್ರಮದ ಫಲ ಒಂದು ಪಿ ಮೌಲ್ಯವಾಗಿ ಗ್ರಂಥಾಲಯದ ಕಪಾಟಿನಲ್ಲಿ ಉಳಿಯಬಾರದು. ಗ್ರಾಮ ಪಂಚಾಯಿತಿಯ ಸಭೆಯಲ್ಲಿ ಓದಿ ಹೇಳಬಹುದಾದ ಒಂದು ಪುಟವೂ ಅದರಿಂದ ಹೊರಬರಬೇಕು: ಈ ಊರಿನ 8ರಿಂದ 12 ವರ್ಷದ ಇಷ್ಟು ಮಕ್ಕಳಲ್ಲಿ ಇಷ್ಟು ಮಂದಿಯನ್ನು ನೋಡಿದೆವು, ನೂರಕ್ಕೆ ಇಷ್ಟು ಮಕ್ಕಳಿಗೆ ಕಂದು ಕಲೆ, ಇಷ್ಟು ಮಕ್ಕಳಿಗೆ ಕುಳಿ, ನಿಜವಾದ ಲೆಕ್ಕ ಇಷ್ಟರಿಂದ ಇಷ್ಟರೊಳಗೆ ಇರಬಹುದು, ಇಂಥಿಂಥ ಬೋರ್‌ನಲ್ಲಿ ಫ್ಲೋರೈಡ್ ಇಷ್ಟು.

ಆ ಪುಟದಲ್ಲಿ ಹುಟ್ಟಿದ ವರ್ಷವೂ ಇರಲಿ. 12 ವರ್ಷದ ಮಗುವಿನ ಮುಂದಿನ ಹಲ್ಲು ಹೇಳುವುದು ಇವತ್ತಿನ ನಲ್ಲಿಯ ನೀರನ್ನಲ್ಲ, ಏಳೆಂಟು, ಹತ್ತು ವರ್ಷದ ಹಿಂದಿನ ನೀರನ್ನು. ಕೃಷ್ಣೆಯ ನೀರು ಬಹುಗ್ರಾಮ ಯೋಜನೆಯಲ್ಲಿ ಬಂದ ಊರಿನಲ್ಲಿ ಈಗ ನೀರು ಪರೀಕ್ಷಿಸಿ, ಈಗಿನ ಮಕ್ಕಳ ಹಲ್ಲು ನೋಡಿ ಎರಡನ್ನೂ ಜೋಡಿಸಿದರೆ “ನೀರು ಚೆನ್ನಾಗಿದೆ, ಹಲ್ಲು ಕೆಟ್ಟಿದೆ” ಎಂಬ ವಿಚಿತ್ರ ಫಲಿತಾಂಶ ಬರುತ್ತದೆ. ಅಮೆರಿಕದ ಆರ್ಕನ್ಸಾ ರಾಜ್ಯದ ಬಾಕ್ಸೈಟ್ ಎಂಬ ಗಣಿ ಊರಿನಲ್ಲಿ ಇದೇ ಪ್ರಶ್ನೆಗೆ ಉತ್ತರ ಹುಡುಕಿದ್ದರು. ಅಲ್ಯೂಮಿನಿಯಂ ಕಂಪನಿಯ ರಸಾಯನಶಾಸ್ತ್ರಜ್ಞ ಎಚ್. ವಿ. ಚರ್ಚಿಲ್ 1931ರಲ್ಲಿ ಅಲ್ಲಿನ ಹಳೆಯ ಬಾವಿ ನೀರಿನಲ್ಲಿ ಲೀಟರಿಗೆ 13.7 ಮಿಲಿಗ್ರಾಂನಷ್ಟು ಫ್ಲೋರೈಡ್ ಇದ್ದುದನ್ನು ಪತ್ತೆಮಾಡಿದ್ದರು. ಅದಕ್ಕೂ ಮೊದಲೇ, 1928ರ ಹೊತ್ತಿಗೆ, ಊರು ಬೇರೆ ನೀರಿಗೆ ಬದಲಾಗಿತ್ತು. ನೀರು ಬದಲಾದ ಹತ್ತು ವರ್ಷದ ನಂತರ ಡೀನ್, ಫ್ರೆಡರಿಕ್ ಮೆಕೇ ಮತ್ತು ಎಲ್ವೋವ್ ಅಲ್ಲಿನ ಮಕ್ಕಳನ್ನು ಹುಟ್ಟಿದ ವರ್ಷದ ಪ್ರಕಾರ ನೋಡಿದರು. ಹಳೆಯ ನೀರು ಕುಡಿದು ಬೆಳೆದವರ ಹಲ್ಲಿನಲ್ಲಿ ಕಲೆ ಉಳಿದಿತ್ತು, ಹೊಸ ನೀರಿನ ಕಾಲದಲ್ಲಿ ಬೆಳೆದ ಚಿಕ್ಕವರ ಹಲ್ಲು ಶುಭ್ರವಾಗಿತ್ತು. 1938ರ ಆ ವರದಿಯ ಬಲ ಇದ್ದದ್ದು ವಯಸ್ಸಿನ ಪ್ರಕಾರ ಬಿಡಿಸಿಟ್ಟ ಹೋಲಿಕೆಯಲ್ಲಿ.

ಕೃಷ್ಣೆಯ ಆಲಮಟ್ಟಿ ಅಣೆಕಟ್ಟಿನ ನೀರು ತಲುಪಿದ ಊರುಗಳಲ್ಲಿ ಆಮೇಲೆ ಹುಟ್ಟಿದ ಮಕ್ಕಳಿಗೆ ಈಗ ಒಬ್ಬೊಬ್ಬರಾಗಿ ಶಾಶ್ವತ ಹಲ್ಲು ಬರುತ್ತಿವೆ. ಅವರ ಅಣ್ಣ-ಅಕ್ಕಂದಿರ ಹಲ್ಲಿನ ಜೊತೆ ಹೋಲಿಸಿ ನೋಡುವ ಅವಕಾಶ ಒಂದೇ ಸಲ ಸಿಗುವಂಥದ್ದು. ಅದಕ್ಕೆ ಬೇಕಾದದ್ದು ದುಬಾರಿ ಯಂತ್ರವಲ್ಲ: ಊರಿಗೆ ಹೊಸ ನೀರು ಬಂದ ತಿಂಗಳು, ಮಗು ಹುಟ್ಟಿದ ವರ್ಷ, ಮನೆಯವರು ನಿಜಕ್ಕೂ ಕುಡಿಯುವ ನೀರು ಯಾವುದು, ಗುಳೆ ಹೋದಾಗ ಎಲ್ಲಿ ಇದ್ದರು, ಡೀನ್ ಅಂಕ ಎಷ್ಟು ಎಂಬ ಐದು ಕಾಲಮಿನ ಪಟ್ಟಿ. ಈ ಕೆಲಸವನ್ನು ಈಗಲೇ ಶುರು ಮಾಡಬೇಕು. ಅಣ್ಣ-ಅಕ್ಕಂದಿರು ಶಾಲೆ ಬಿಟ್ಟು ಊರೂ ಬಿಟ್ಟ ಮೇಲೆ ಹೋಲಿಸಲು ಯಾರೂ ಸಿಗುವುದಿಲ್ಲ.